ಫ್ಲಾಪಿ ಓದೂತನಕ ಶೋಭಕ್ಕನ ಮಾತು

ದೋಸ್ತರ, ಇವತ್ತ ನಿಪ್ಪಾಣಿಯೊಳಗ ನಮ್ಮ ಹಳೇ ಆರ್ಕೆಸ್ಟ್ರಾದವರ ನಡುವ ಜಗಳ ಆತು. ಮತ್ತ ಕಾರ್ಯಕ್ರಮ ಮಾಡೂಣು ಅಂತ ನಮ್ಮ ಕೀಬೋರ್ಡ್ ಬಾರಸೂ ದಸ್ತಗೀರ ಹೊಸಾ ಸ್ಯಾಂಪ್ಲರ್ ತಂದಿದ್ದ, ಅಂದ್ರ ಗುಂಡಿ ಒತ್ತಿದ್ರ ಬೇಕಾದ ವಾದ್ಯದ ಸದ್ದು ಕೊಡೂ ಮಷಿನ್.

ತೊಂಬತ್ತರ ದಶಕದಾಗ ನಮ್ಮ ಹಳೇ ಸ್ಯಾಂಪ್ಲರಿಗೆ ಪ್ರತಿ ಹಾಡಿಗೂ ಬ್ಯಾರೆ ಫ್ಲಾಪಿ ಹಾಕಬೇಕಿತ್ತು. ಅದು ಕರಕರ ಅಂತ ಓದಿ ಢೋಲಕಿ ಸದ್ದು ತರೂತನಕ ಮಂದಿ ಎದ್ದು ಹೋಗಬಾರದಂತ ನಮ್ಮ ಗಾಯಕಿ ಶೋಭಕ್ಕ ಮೈಕ್ ಹಿಡದು ಮಾತಾಡ್ತಿದ್ಲು, ಅರ್ಧ ಕನ್ನಡ, ಅರ್ಧ ಮರಾಠಿ. ಅಥಣಿಯೊಳಗ ಅತ್ತಿ-ಸೊಸಿ ಮಾತು ತಗದ್ರ ಹೆಣ್ಣಮಕ್ಕಳು ಸೆರಗ ಬಾಯಿಗೆ ಹಿಡದು ನಗತಿದ್ರು. ನಾವು ಮಾತ್ರ, "ಸದ್ದು ಲಗೂನ ಬದಲಾದ್ರ ಸಾಕಪ್ಪ" ಅಂತಿದ್ವಿ.

ಇವತ್ತ ಹೊಸಾ ಮಷಿನ್ನಿನ ಗುಂಡಿ ಒತ್ತಿದ ಕೂಡ್ಲೆ ಢೋಲಕಿ ಸದ್ದು ಹೋಗಿ ಹಲಗಿ ಸದ್ದು ಬಂತು. ನಾವೆಲ್ಲ ಚಪ್ಪಾಳಿ ಹೊಡದ್ವಿ. ಶೋಭಕ್ಕನ ಮಾರಿ ಸಣ್ಣದಾತು.

"ಹಂಗಾದ್ರ ನಾ ಯಾವಾಗ ಮಾತಾಡ್ಲಿ?"

"ಮಾತ ಯಾಕ ಬೇಕಕ್ಕಾ? ಹಾಡು ಸಾಲಾಗಿ ಹೊಂಟಬಿಡ್ತಾವ," ಅಂದ ದಸ್ತಗೀರ.

"ಮಂದಿ ಬರೇ ಹಾಡಿಗೆ ಬರ್ತಿದ್ರು ಅಂತ ತಿಳದೀಯೇನ್ಲೇ?" ಅಂದಾಕಿ ಚಪ್ಪಲಿ ಮೆಟ್ಟಿ ಹೊಂಟೇಬಿಟ್ಲು.

ಬಸ್ ಸ್ಟ್ಯಾಂಡ್ ತನಕ ಹಿಂದ ಹೋಗಿ, ಚಹಾ ಕುಡಿಸಿ ಕರಕೊಂಡು ಬಂದ್ವಿ. ಈಗ ಒಪ್ಪಂದ ಆಗೇತಿ. ಪ್ರತಿ ಹಾಡು ಮುಗದ ಮ್ಯಾಲೆ ದಸ್ತಗೀರ ಸುಮ್ನ ಮಷಿನ್ ಮ್ಯಾಲೆ ಬಗ್ಗಿ, "ಲೋಡ್ ಆಗಾಕತ್ತೈತ್ರಿ" ಅಂತ ಸುಳ್ಳ ಹೇಳಬೇಕು.

ಕಾರ್ಯಕ್ರಮಕ್ಕ ಬರ್ರಿ. ಮಷಿನ್ ಎಷ್ಟ ಲಗೂ ಐತಿ ಅಂತ ಮಾತ್ರ ಯಾರಿಗೂ ಹೇಳಬ್ಯಾಡ್ರಿ.