ಬಲಗಡೆ ಇರಬೇಕಾಗಿದ್ದ ಪದಕಗಳು

ನಮ್ಮ ಅತ್ತೆಯ ಎಡಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿ ಬೆಳೆಯುತ್ತಿತ್ತು. ಹೊಲಿಗೆ ಯಂತ್ರದ ಸೂಜಿ ಒಮ್ಮೆ ಆ ಬೆರಳನ್ನು ತೂರಿಕೊಂಡು ಹೋಗಿತ್ತಂತೆ. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಗಂಡ ಎಪ್ಪತ್ತೊಂದರ ಯುದ್ಧದಲ್ಲಿ ಸತ್ತಿದ್ದ. ಸರ್ಕಾರ ಕೊಟ್ಟ ಯಂತ್ರ ಮನೆಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ. ಪಕ್ಕದಲ್ಲಿ ಎಂಟು ತಿಂಗಳ ಮಗು. ಆ ಮಗುವನ್ನೇ ಮುಂದೆ ನಾನು ಮದುವೆಯಾದದ್ದು. "ಸೂಜಿ ಕಿತ್ತು ಮೊದ್ಲ ಅಂಗಿ ಮುಗಿಸಿದ್ನಿ, ಆಮ್ಯಾಲೆ ಅಳಾಕ ಕುಂತ್ನಿ" ಎಂದು ಅತ್ತೆ ಯಾರದೋ ಕಥೆಯಂತೆ ಹೇಳುತ್ತಿದ್ದರು.

ಧಾರವಾಡದಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದು ಹೊಲಿದೇ ಮಗನನ್ನು ಇಂಜಿನಿಯರ್ ಮಾಡಿದರು. ಅಮೆರಿಕದಲ್ಲಿ, ಆಸ್ಟಿನ್ ಬಳಿಯ ಜಾರ್ಜ್‌ಟೌನಿನ ನಮ್ಮ ಮನೆಗೆ ಬಂದು ಇದ್ದ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ನಾನು ಅಂಗಡಿಯಿಂದ ತಂದ ಪರದೆಗಳ ಅಂಚು ಬಿಚ್ಚಿ ಮತ್ತೆ ಹೊಲಿದರು, ನನಗೆ ಸಿಟ್ಟು ಬಂತು. ಎದುರು ಮನೆಯ ಅಮೆರಿಕನ್ ಮುದುಕ ಹಿಂದೆ ಸೈನ್ಯದಲ್ಲಿದ್ದವನು. ಅವನ ಅಂಗಳದ ಬಾವುಟದ ತುದಿ ಗಾಳಿಗೆ ಚಿಂದಿಯಾಗಿದ್ದನ್ನು ಕಂಡು, ಕೈಸನ್ನೆ ಮಾಡಿ ಇಳಿಸಿಕೊಂಡು ಬಂದು ಅಂಚು ಕಟ್ಟಿ ಕೊಟ್ಟರು. ಆತ ಅಲ್ಲೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅತ್ತೆ ನಾಚಿಕೊಂಡು ಒಳಗೆ ಬಂದವರು ಸಂಜೆಯವರೆಗೂ ಹೊರಗೆ ಹೋಗಲಿಲ್ಲ. "ಅಳತಿ ತಪ್ಪಿದ್ರ ಅರಿವಿ ಹೋತು, ಮಾತು ತಪ್ಪಿದ್ರ ಮಂದಿ ಹೋತು" ಎಂಬುದು ಅವರ ಮಾತು. ಎರಡರಲ್ಲೂ ಅವರು ತಪ್ಪಿದ್ದನ್ನು ನಾನು ಕಾಣೆ.

ಗಂಡನ ಹೆಸರನ್ನು ಮಾತ್ರ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬಾರದೆಂಬುದು ಅವರು ಬೆಳೆದ ಪದ್ಧತಿ. ಮಗನತ್ತ ಕೈ ತೋರಿಸಿ "ಇವರಪ್ಪ" ಅನ್ನುವರು. ವೀಸಾ ಕಚೇರಿಯಲ್ಲಿ ಕೇಳಿದಾಗಲೂ ಕಾಗದವನ್ನು ಮುಂದೆ ಸರಿಸಿ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ್ದರಂತೆ.

ಅವರು ತೀರಿಕೊಳ್ಳುವ ಹಿಂದಿನ ಚಳಿಗಾಲದಲ್ಲಿ, ಆ ಯುದ್ಧದಲ್ಲಿ ಹೋರಾಡಿದವರನ್ನೂ ಮಡಿದವರ ಮನೆಯವರನ್ನೂ ಗೌರವಿಸಲು ಆಸ್ಟಿನ್ನಿನ ಭಾರತೀಯರೆಲ್ಲ ಸೇರಿ ಒಂದು ಸಮಾರಂಭ ಮಾಡಿದರು. ಡಾಲಸ್, ಹೂಸ್ಟನ್ ಕಡೆಯಿಂದಲೂ ಜನ ಬರುವವರಿದ್ದರು. ಮಡಿದವರ ಹೆಸರನ್ನು ಮೈಕಿನಲ್ಲಿ ಓದಿದ ಮೇಲೆ ಮನೆಯವರು ವೇದಿಕೆ ಹತ್ತಬೇಕು. ಅರ್ಜಿಯನ್ನು ನಾನೇ ತುಂಬಿದೆ. ಅತ್ತೆ ಪಕ್ಕದಲ್ಲಿ ಕೂತು ಮೂರು ಸಲ ಕೇಳಿದರು: "ಹೆಸರು ಜೋರಾಗಿ ಓದ್ತಾರೇನವಾ? ಎಲ್ಲಾರಿಗೂ ಕೇಳೂ ಹಂಗ?" ನಾನು ಹೂಂ ಅಂದೆ. "ಮಂದಿ ಮುಂದ ಅವರ ಹೆಸರು ಯಾರೂ ಹೇಳಿದ್ದು ನಾ ಕೇಳಿಲ್ಲ" ಅಂದರು. ಐವತ್ತು ವರ್ಷ ದಾಟಿತ್ತು.

ಆ ದಿನ ಅತ್ತೆ ಇಳಕಲ್ ಸೀರೆಯ ಮೇಲೆ ನೀಲಿ ಸ್ವೆಟರ್ ಹಾಕಿ, ಗಂಡನ ಎರಡು ಪದಕಗಳನ್ನು ಬಲಗಡೆ ಎದೆಯ ಮೇಲೆ ಚುಚ್ಚಿಕೊಂಡು ಕಾರು ಹತ್ತಿದರು. ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದ ನನ್ನ ಗಂಡ ತಿರುಗಿ ನೋಡಲಿಲ್ಲ. ಹಾಲ್ ತಲುಪಿದಾಗ ನನ್ನ ಗಂಡ ನಮ್ಮನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದ. ಒಳಗೆ ಹೋಗುತ್ತಿದ್ದ ಹಿರಿಯರನ್ನು ನೋಡಿದೆ. ಎಲ್ಲರ ಪದಕಗಳೂ ಎಡಗಡೆ. ನನ್ನ ಜಾಣತನ ಜಾಗೃತವಾಯಿತು.

"ಅತ್ತೆ, ಮೆಡಲ್ ಎಡಗಡೆ ಹಾಕ್ಕೊಳ್ಳೋದು. ನೋಡಿ, ಎಲ್ರೂ ಎಡಗಡೆನೇ ಹಾಕ್ಕೊಂಡಿದಾರೆ."

"ಇಲ್ಲವಾ, ನಂದು ಬಲಗಡೆನ ಇರಬೇಕು. ಬೆಳಗಾವಿಯೊಳಗ ಮಿಲಿಟರಿ ಸಾಹೇಬ್ರು ಕೈಯಾಗ ಕೊಡೂ ಮುಂದ ಹೇಳ್ಯಾರ."

"ಅದು ಐವತ್ತು ವರ್ಷದ ಹಿಂದಿನ ಮಾತು. ಫೋಟೋದಲ್ಲಿ ನೀವೊಬ್ಬರೇ ಬೇರೆ ಥರ ಕಾಣ್ತೀರ."

ಅವರು "ಬ್ಯಾಡವಾ" ಅನ್ನುತ್ತಿರುವಾಗಲೇ ನಾನು ಪಿನ್ನು ಬಿಚ್ಚಿ ಎಡಗಡೆಗೆ ಚುಚ್ಚಿದೆ. ಜೀವಮಾನವಿಡೀ ಪಿನ್ನು ಚುಚ್ಚಿದವರು ಮಗುವಿನ ಹಾಗೆ ನಿಂತು ಚುಚ್ಚಿಸಿಕೊಂಡರು. ಸೊಸೆಯ ಮನೆಯಲ್ಲಿ ಇರುವವರು ಇನ್ನೇನು ಮಾಡಿಯಾರು? ಈ ಮಾತು ಅಂದು ನನಗೆ ಹೊಳೆಯಲಿಲ್ಲ.

ವೇದಿಕೆಯ ಮೆಟ್ಟಿಲ ಬಳಿ ಸಾಲು ನಿಂತಿತ್ತು. ಸಾಲನ್ನು ನೋಡಿಕೊಳ್ಳುತ್ತಿದ್ದವರು ಹೂಸ್ಟನ್ನಿನಿಂದ ಬಂದ ಅಂಕಲ್ ಒಬ್ಬರು, ಸೈನ್ಯದ ನಿವೃತ್ತ ಅಧಿಕಾರಿ. ಅವರು ಪಟ್ಟಿಯಲ್ಲಿ ಗುರುತು ಹಾಕಿ ಕಳಿಸಿದವರ ಮನೆಯ ಹೆಸರನ್ನಷ್ಟೇ ಮೈಕಿನಲ್ಲಿ ಓದುತ್ತಿದ್ದರು. ಅತ್ತೆಯ ಎದೆಯ ಮೇಲೆ ಅವರ ಕಣ್ಣು ನಿಂತಿತು.

"ಏನಮ್ಮಾ, ನೀವೂ ಯುದ್ಧ ಮಾಡಿದ್ರಾ?"

ಹಿಂದಿದ್ದ ನಾಲ್ಕಾರು ಜನ ನಕ್ಕರು. ಅಂಕಲ್ ನಗಲಿಲ್ಲ. "ಎಡಗಡೆ ಹಾಕ್ಕೊಳ್ಳೋದು ಸ್ವಂತ ಗಳಿಸಿದವರು. ತೀರಿಕೊಂಡವರ ಮೆಡಲ್ಲನ್ನ ಮನೆಯವರು ಬಲಗಡೆ ಹಾಕ್ಕೋಬೇಕು. ಇಷ್ಟೂ ಗೊತ್ತಿಲ್ಲದೆ ಬಂದುಬಿಡ್ತಾರೆ. ಯಾರದು ಇದು? ಹೆಸರು ಹೇಳಿ, ಪಟ್ಟಿಯಲ್ಲಿ ನೋಡ್ತೀನಿ."

ಅತ್ತೆಯ ತುಟಿ ಅಲುಗಿತು. ಹೆಸರು ಬರಲಿಲ್ಲ. ಅವರು ತಿರುಗಿ ನನ್ನನ್ನು ನೋಡಿದರು.

ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಆ ಹೆಸರು ನನಗೆ ಗೊತ್ತಿತ್ತು, ನನ್ನ ಕೈಯಾರೆ ಬರೆದಿದ್ದೆ. ಹೇಳಲು ಬಾಯಿ ತೆರೆದರೆ ಪಿನ್ನು ಚುಚ್ಚಿದವಳು ನಾನೆಂದೂ ಹೇಳಬೇಕಾಗುತ್ತಿತ್ತು. ಪರಿಚಯದವರೆಲ್ಲ ನೋಡುತ್ತಿದ್ದರು. ನಾಲಿಗೆ ಬಿದ್ದುಹೋದವಳ ಹಾಗೆ ನಿಂತೆ. ಬಿದ್ದುಹೋಗಿದ್ದರೇ ಚೆನ್ನಾಗಿತ್ತು, ಒಂದು ನೆಪವಾದರೂ ಇರುತ್ತಿತ್ತು.

"ಹೆಸರೂ ಗೊತ್ತಿಲ್ವಾ? ಪಕ್ಕಕ್ಕೆ ಬನ್ನಿ, ಮೊದಲು ಅದನ್ನ ತೆಗೀರಿ" ಎಂದು ಅಂಕಲ್ ಪಟ್ಟಿಯಲ್ಲಿ ಗುರುತು ಹಾಕದೆಯೇ ಮುಂದಿನವರನ್ನು ಕರೆದರು. ಅತ್ತೆ "ನಂದ ತಪ್ಪಾತ್ರೀ" ಅಂದು ಗೋಡೆಯ ಕಡೆ ತಿರುಗಿ ಪಿನ್ನು ಬಿಚ್ಚತೊಡಗಿದರು. ಪಿನ್ನು ಸ್ವೆಟರಿನ ಎಳೆಗೆ ಸಿಕ್ಕಿಕೊಂಡಿತ್ತು. ಬಿಚ್ಚಿ ಬಲಗಡೆಗೆ ಹಾಕಿಕೊಳ್ಳುವಷ್ಟರಲ್ಲಿ ಪಟ್ಟಿ ಮುಗಿದು ರಾಷ್ಟ್ರಗೀತೆ ಶುರುವಾಗಿತ್ತು. ಹಾಲ್ ಖಾಲಿ ಮಾಡುವ ಹೊತ್ತಾಗಿತ್ತು, ಯಾರನ್ನೂ ಕೇಳುವ ಹಾಗಿರಲಿಲ್ಲ. ಕೇಳಲು ನಾನು ಹೋಗಲೂ ಇಲ್ಲ. ಮಾವನ ಹೆಸರನ್ನು ಯಾರೂ ಓದಲಿಲ್ಲ.

ಕಾರು ನಿಲ್ಲಿಸಲು ಜಾಗ ಸಿಗದೆ ಅಲೆದು ನನ್ನ ಗಂಡ ಬಂದಾಗ ಅತ್ತೆ ಗೋಡೆಯ ಬಳಿ ನಿಂತಿದ್ದರು, ಅಂಕಲ್ ಅವನಿಗೂ ಎಡ ಬಲದ ಪಾಠ ಹೇಳಿದರು. ವಾಪಸಾಗುವಾಗ ಕಾರಿನಲ್ಲಿ ಅವನ ಸಿಟ್ಟು ತಾಯಿಯ ಮೇಲೆ ಒಡೆಯಿತು. "ಅಷ್ಟೂ ತಿಳಿಯೂದಿಲ್ಲೇನವಾ ನಿನಗ? ಎಲ್ಲಾರ ಮುಂದ ಮರ್ಯಾದಿ ಹೋತು."

ನಾನು ಮುಂದಿನ ಸೀಟಿನಲ್ಲಿದ್ದೆ. ಹಿಂದಿನಿಂದ ಅತ್ತೆಯ ದನಿ ಬಂತು. "ಹೌದಪಾ, ಗೊತ್ತಾಗ್ಲಿಲ್ಲ ನನಗ."

ಮನೆಗೆ ಬಂದ ಮೇಲೆ ಅವರ ಕೋಣೆಗೆ ಹೋದೆ. "ಯಾಕೆ ಅತ್ತೆ, ನಾನೇ ಮಾಡಿದ್ದು ಅಂತ ಹೇಳಲಿಲ್ಲ?"

ಸ್ವೆಟರ್ ಮಡಚುತ್ತಾ ಅಂದರು: "ಹೇಳಿ ಏನ್ ಮಾಡೂದವಾ? ನೀ ಅವನ ಜೋಡಿ ಬಾಳೇವು ಮಾಡಾಕಿ." ಮಡಚಿದ ಸ್ವೆಟರನ್ನು ಕಪಾಟಿನಲ್ಲಿ ಇಟ್ಟು, "ಹೆಸರೊಂದು ಕೇಳ್ಬೇಕಾಗಿತ್ತು ನೋಡು" ಅಂದರು.

ಆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಆ ಹೆಸರನ್ನು ನಾನು ಅಲ್ಲಿಯೇ ಜೋರಾಗಿ ಹೇಳಬಹುದಿತ್ತು, ನನ್ನ ತವರಿನಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅದರ ಬದಲು, "ಮುಂದಿನ ವರ್ಷ ಓದಿಸೋಣ ಬಿಡಿ ಅತ್ತೆ" ಅಂದೆ. ಗಂಡನಿಗೆ ನಾಳೆ ಹೇಳಿದರಾಯಿತೆಂದುಕೊಂಡೆ. ನಾಳೆಗಳು ಬಹಳ ಬಂದವು. ಏಪ್ರಿಲ್‌ನಲ್ಲಿ ಅತ್ತೆ ಹೋದರು, ಬೆಳಗಿನ ಚಹಾ ಕುಡಿದು ಮಲಗಿದವರು ಏಳಲಿಲ್ಲ.

ಹನ್ನೊಂದನೆಯ ದಿನ ಮನೆ ತುಂಬ ಜನ. ಊಟವಾದ ಮೇಲೆ ನನ್ನ ಗಂಡ ಎದ್ದು ನಿಂತು ತಾಯಿಯ ಬಗ್ಗೆ ಮಾತಾಡಿದ. ಅಳುತ್ತಾ ಮಾತಾಡಿದ, ನಡುನಡುವೆ ನಗಿಸಿದ. "ನಮ್ಮವ್ವ ಭಾಳ ಸಾದಾ ಹೆಣ್ಮಗಳು ರೀ. ಗಂಡನ ಮೆಡಲ್ ಯಾವ ಕಡೆ ಹಾಕ್ಕೋಬೇಕು ಅನ್ನೂದೂ ಗೊತ್ತಿರಲಿಲ್ಲ ಪಾಪ. ತಾನ ಯುದ್ಧ ಗೆದ್ದು ಬಂದಾಕಿ ಹಂಗ ಎಡಗಡೆ ಚುಚ್ಚಿಕೊಂಡು ಹೊಂಟಿದ್ಲು."

ಎಲ್ಲರೂ ಪ್ರೀತಿಯಿಂದ ನಕ್ಕರು. ಪಕ್ಕದಲ್ಲಿದ್ದ ಆಂಟಿ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ಅಂಥ ಮುಗ್ಧರು ಈಗೆಲ್ಲಿ ಸಿಕ್ತಾರೆ, ಅಲ್ವಾ?"

"ಹೌದು" ಅಂದೆ.