ಮೇಲಿನ ಮನೆಯ ಮೇಷ್ಟ್ರು ಚೀನಾಕ್ಕೆ ಹೋದದ್ದು

ಕಳೆದ ಶನಿವಾರ ಅಡುಗೆಮನೆಯ ಮೇಲಿನ ಕಪಾಟು ಒರೆಸುವಾಗ ಹಳೆಯ ಫ್ಲಾಸ್ಕು ಕೈಗೆ ಸಿಕ್ಕಿತು. ಕೆಂಪು ತಗಡಿನ ಮೈ, ಅದರ ಮೇಲೆ ದಪ್ಪ ದಪ್ಪ ಗುಲಾಬಿ ಬಣ್ಣದ ಹೂವು, ಬಾಯಿಗೆ ಮರದ ತೊಗಟೆಯ ಬಿರಡೆ. ಬಿರಡೆ ತೆಗೆದೆ. ಒದ್ದೆ ತೊಗಟೆಯ, ಹಳೆಯ ಆವಿಯ ವಾಸನೆ. ಇಷ್ಟು ವರ್ಷ ಖಾಲಿ ಇದ್ದ ಪಾತ್ರೆಯಲ್ಲಿ ವಾಸನೆ ಉಳಿಯಬಾರದು, ಆದರೂ ಉಳಿದಿತ್ತು. ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ಸ್ಟೂಲಿನ ಮೇಲೇ ಕುಳಿತೆ. ಕೆಲಸ ಅರ್ಧಕ್ಕೆ ಬಿಟ್ಟು ಕೂರುವುದು ನನ್ನ ಅಭ್ಯಾಸವಲ್ಲ.

ಆ ಫ್ಲಾಸ್ಕನ್ನು ನಮ್ಮ ಮೇಲಿನ ಮನೆಯ ಮೇಷ್ಟ್ರು ಚೀನಾದಿಂದ ತಂದಿದ್ದರು...

ನಾನು ಮಂಡ್ಯದ ಕಡೆಯವಳು. ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತೆ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಹಾಸಿಗೆಯ ಚಾದರದ ಮೂಲೆ ಒಂದಿಷ್ಟು ಸೊಟ್ಟಗಾದರೂ ಮೇಟ್ರನ್ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಿಸುತ್ತಿದ್ದರು. ಆ ಶಿಸ್ತು ಮೈಗೆ ಹತ್ತಿತು, ಬಿಡಲಿಲ್ಲ. ಅಮೆರಿಕಕ್ಕೆ ನರ್ಸುಗಳು ಬೇಕಾಗಿದ್ದ ಕಾಲದಲ್ಲಿ ಇಲ್ಲಿಗೆ ಬಂದೆ. ಮದುವೆ ಆಗಲಿಲ್ಲ. ಅದರ ಹಿಂದೆ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಹೇವರ್ಡಿನ ಈ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಆಗಲೂ ಇದ್ದೆ, ಈಗಲೂ ಇದ್ದೇನೆ.

ಮೇಷ್ಟ್ರು ಗುಡ್ಡದ ಮೇಲಿನ ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಲಾಸ್ ಆಲ್ಟೋಸಿನ ದೊಡ್ಡ ಮನೆ ಮಾರಿ ನಮ್ಮ ಕಾಂಪ್ಲೆಕ್ಸಿಗೆ ಬಂದವರು. ಮಕ್ಕಳಿರಲಿಲ್ಲ. ಮೊದಲ ವಾರವಿಡೀ ನನ್ನ ತಲೆಯ ಮೇಲೆ ಬೂಟುಗಾಲಿನ ಸದ್ದು. ಪಾಠ ಹೇಳುವವರಂತೆ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಕೊನೆಗೆ ಮೇಲೆ ಹೋಗಿ ಬಾಗಿಲು ತಟ್ಟಿ ಇಂಗ್ಲಿಷಿನಲ್ಲಿ ದೂರು ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ನಿಧಾನಕ್ಕೆ ಕನ್ನಡದಲ್ಲಿ ಕೇಳಿದರು.

"ಯಾವೂರು ನಿಮ್ದು?"

"ಮಂಡ್ಯ ಕಡೆ. ಅದ್ ಹೆಂಗ್ ಗೊತ್ತಾಯ್ತು?"

"ಇಂಗ್ಲಿಷಲ್ಲೂ ಮಂಡ್ಯದ ಜೋರೇ ಬರ್ತಿದೆಯಲ್ಲಮ್ಮ."

"ಊರು ಆಮೇಲೆ ಕೇಳೀರಂತೆ. ಮೊದ್ಲು ಬೂಟ್ ಬಿಚ್ಚಿ ಸಾರ್."

ಅವರು ಅಲ್ಲೇ ಬಾಗಿಲಲ್ಲಿ ಬಗ್ಗಿ ಬೂಟು ಬಿಚ್ಚಿದರು. ನಾನು ನರ್ಸು ಎಂದು ತಿಳಿದ ಮೇಲೆ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕರೆಯುವ ಹಾಗೆ ಸಿಸ್ಟರ್ ಎಂದು ಕರೆಯತೊಡಗಿದರು. ನಾನು ಮೇಷ್ಟ್ರೇ ಎನ್ನುತ್ತಿದ್ದೆ. ಭಾನುವಾರ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ ಎಂದು ಆಯಿತು. ಹೇಗೆ ಆಯಿತೋ ನೆನಪಿಲ್ಲ. ಅವರ ಮನೆಯ ಒಂದು ಕೀ ನನ್ನ ಬಳಿ, ನನ್ನ ಮನೆಯದೊಂದು ಅವರ ಬಳಿ. ಒಂಟಿ ಮನುಷ್ಯರು ಒಂದು ವಯಸ್ಸಿನ ನಂತರ ಮಾಡಿಕೊಳ್ಳಬೇಕಾದ ಏರ್ಪಾಡು ಅದು.

ಡಾಟ್‌ಕಾಮ್ ಜ್ವರ ಏರಿದ್ದ ದಿನಗಳವು. ಫ್ರೀವೇ ಬದಿಯ ಬೋರ್ಡುಗಳಲ್ಲೆಲ್ಲ ಹೊಸ ಇಂಟರ್ನೆಟ್ ಕಂಪನಿಗಳ ಹೆಸರು. ಗ್ರೋಸರಿ ಅಂಗಡಿಯಲ್ಲಿ ಕ್ಯೂ ನಿಂತವರೂ ಶೇರಿನ ಮಾತೇ ಆಡುತ್ತಿದ್ದರು. ಮೇಷ್ಟ್ರ ಕ್ಲಾಸು ಖಾಲಿಯಾಗುತ್ತ ಬಂತು. ಶುದ್ಧ ಗಣಿತ ಯಾರಿಗೆ ಬೇಕು? ಓದುತ್ತಿದ್ದವರೂ ನಡುವೆಯೇ ಬಿಟ್ಟು ಕೆಲಸಕ್ಕೆ ಸೇರುತ್ತಿದ್ದರು. ಒಂದು ಭಾನುವಾರ ಅವರು ಸಾರು ಕಲಸುತ್ತ ಹೇಳಿದರು: "ಇವತ್ತಿನ ಕಾಲದಲ್ಲಿ ಮೇಷ್ಟ್ರು ಅಂದ್ರೆ ಬಸ್ ಸ್ಟಾಪ್ ಇದ್ದ ಹಾಗೆ ಸಿಸ್ಟರ್. ಬಸ್ ಬರೋ ತನಕ ನಿಂತಿರ್ತಾರೆ, ಬಂದ ತಕ್ಷಣ ಹತ್ತಿಕೊಂಡು ಹೋಗ್ತಾರೆ." ನಗುತ್ತಲೇ ಹೇಳಿದರು. ಆದರೆ ತಟ್ಟೆಯಲ್ಲಿ ಅನ್ನ ಬಿಟ್ಟರು. ಅನ್ನ ಬಿಡುವವರಲ್ಲ ಅವರು.

ಮುಂದಿನ ಸೆಮಿಸ್ಟರಿಗೆ ವಿಶ್ವವಿದ್ಯಾಲಯದವರು ಅವರ ಪಾಠವನ್ನೇ ಕೈಬಿಟ್ಟರು. ಅದೇ ಸುಮಾರಿಗೆ ಅವರೊಂದಿಗೆ ಕೆಲಸ ಮಾಡುತ್ತಿದ್ದ ಚೀನೀ ಪ್ರೊಫೆಸರರೊಬ್ಬರು ತಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಒಂದು ಸೆಮಿಸ್ಟರ್ ಪಾಠ ಹೇಳಲು ಹೋಗುತ್ತೀರಾ ಎಂದು ಕೇಳಿದರು. ಮೇಷ್ಟ್ರು ಮೂರು ಭಾನುವಾರ ಅದೇ ಮಾತು ಎತ್ತಿದರು, ಇಳಿಸಿದರು. ಭಾಷೆ ಬರುವುದಿಲ್ಲ, ಊಟ ಹೇಗೋ, ಚಳಿ ಹೇಗೋ ಎಂದರು.

"ಪಾಠ ಹೇಳೋರು ಪಾಠ ಕೇಳೋರು ಇರೋ ಕಡೆ ಹೋಗ್ಬೇಕು ಮೇಷ್ಟ್ರೇ," ಎಂದೆ. "ಇಲ್ಲಿ ಕೂತು ನನ್ನ ಸಾರಿಗೆ ಹೆಸರಿಡೋದ್ರಲ್ಲಿ ಏನಿದೆ?"

ಅವರ ಪೆಟ್ಟಿಗೆ ನಾನೇ ಜೋಡಿಸಿದೆ. ಬಿ.ಪಿ. ಮಾತ್ರೆ ಒಂದು ಕಡೆ, ಉಣ್ಣೆ ಬಟ್ಟೆ ಒಂದು ಕಡೆ, ಚಟ್ನಿಪುಡಿ ಎರಡು ಕವರಿನೊಳಗೆ. ಅವರು ಹೋದ ಮಾರನೆಯ ಬೆಳಿಗ್ಗೆ ಎದ್ದು ಹಾಸಿಗೆ ಸರಿಮಾಡುವಾಗ ಸೂರಿನ ಮೇಲೆ ಸದ್ದಿಲ್ಲದ್ದು ಗೊತ್ತಾಯಿತು. ಬೂಟು ಬಿಚ್ಚಿದ ಮೇಲೂ ಮನುಷ್ಯನ ಹೆಜ್ಜೆಗೆ ಒಂದು ಸದ್ದಿರುತ್ತದೆ. ಅದು ಇರುವಾಗ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಲ್ಲಿ ಆಗ ಸೋಮವಾರದ ಬೆಳಗಿನ ಜಾವವಾದರೂ, ಇಲ್ಲಿನ ಭಾನುವಾರದ ಊಟದ ಹೊತ್ತಿಗೆ ಸರಿಯಾಗಿ ಫೋನು ಮಾಡುತ್ತಿದ್ದರು. ಆಗ ಕಾಲಿಂಗ್ ಕಾರ್ಡುಗಳ ಕಾಲ. ಮಾತು ಹೋಗಿ ಮುಟ್ಟಿ ಉತ್ತರ ಬರುವುದಕ್ಕೆ ಸ್ವಲ್ಪ ತಡವಾಗುತ್ತಿತ್ತು. ಆ ತಡವನ್ನು ಕಾಯುವುದು ಇಬ್ಬರಿಗೂ ಅಭ್ಯಾಸವಾಯಿತು. ಅಲ್ಲಿ ಕ್ಲಾಸು ತುಂಬಿರುತ್ತದಂತೆ. ಅವರು ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರಂತೆ. ಆದರೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲವಂತೆ. ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಒಬ್ಬೊಬ್ಬರಾಗಿ ಹಿಂದೆ ಬಂದು ಗುಟ್ಟು ಹೇಳುವಂತೆ ಕೇಳುತ್ತಾರಂತೆ. ಎಲ್ಲಿ ಹೋದರೂ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಡುತ್ತಾರೆ, ತಣ್ಣೀರು ಕೇಳಿದರೆ ವಿಷ ಕೇಳಿದ ಹಾಗೆ ನೋಡುತ್ತಾರೆ ಎಂದು ನಕ್ಕರು.

ಮಧ್ಯಾಹ್ನದ ಊಟವಾದ ಮೇಲೆ ಇಡೀ ಕ್ಯಾಂಪಸ್ಸು ಮಲಗುತ್ತಿತ್ತು. ಹುಡುಗರು, ಗುಮಾಸ್ತರು, ಗೇಟಿನವನು, ಎಲ್ಲರೂ. ಮೇಷ್ಟ್ರಿಗೆ ಹಗಲು ನಿದ್ದೆ ಬಾರದು. ಆ ಹೊತ್ತಿನಲ್ಲಿ ಅವರೊಬ್ಬರೇ ಮರದ ಸಾಲಿನ ದಾರಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. "ಒಂದೂರಿಗೆ ಊರೇ ಮಲಗಿರುವಾಗ ಒಬ್ಬ ಎಚ್ಚರ ಇರೋದು ಸರಿಯಲ್ಲ ಸಿಸ್ಟರ್," ಎಂದು ಒಮ್ಮೆ ಹೇಳಿದರು.

ಹೆಸರಿನ ಸಂಗತಿಯೂ ಆಗಲೇ ನಡೆದದ್ದು. ಹೊರದೇಶದಿಂದ ಬಂದ ಮೇಷ್ಟ್ರು ವಿದ್ಯಾರ್ಥಿಗಳಿಗೆಲ್ಲ ಕರೆಯಲು ಸುಲಭವಾದ ಒಂದೊಂದು ಹೊರದೇಶದ ಹೆಸರಿಡುವುದು ಅಲ್ಲಿನ ಪದ್ಧತಿಯಂತೆ. ಮಕ್ಕಳು ಸಾಲಾಗಿ ಬಂದು ಹೆಸರು ಕೊಡಿ ಎಂದರು. ಇವರಿಗೆ ಇಂಗ್ಲಿಷ್ ಹೆಸರು ನಾಲ್ಕಾರು ಹೊಳೆದವು, ಅವೂ ಯಾರೋ ಬ್ರಿಟಿಷ್ ದೊರೆಗಳವು. ಕೊನೆಗೆ ತಮ್ಮ ಹಳ್ಳಿ ಶಾಲೆಯ ಹಾಜರಿ ಕರೆದ ಹಾಗೆ ಶುರುಮಾಡಿಬಿಟ್ಟರು. ರಂಗಪ್ಪ, ಸಿದ್ದರಾಜು, ಪುಟ್ಟತಾಯಿ, ಸರೋಜ, ನಂಜುಂಡ. ಮಕ್ಕಳು ಅದನ್ನೇ ಇಂಗ್ಲಿಷ್ ಎಂದುಕೊಂಡು ಭಕ್ತಿಯಿಂದ ಬಾಯಿಪಾಠ ಮಾಡಿದರು. ಅದೇ ಕಾಲೇಜಿನಲ್ಲಿದ್ದ ಆಸ್ಟ್ರೇಲಿಯಾದ ಮೇಷ್ಟ್ರೊಬ್ಬರ ಮುಂದೆ ಒಬ್ಬ ಹುಡುಗ ನಿಂತು, "ನನ್ನ ಇಂಗ್ಲಿಷ್ ಹೆಸರು ನಂಜುಂಡ," ಎಂದನಂತೆ. ನಾನು ಅಷ್ಟು ನಕ್ಕದ್ದು ಯಾವ ಕಾಲದಲ್ಲೋ.

"ಒಂದು ತೊಂದ್ರೆ ಆಗಿದೆ ಸಿಸ್ಟರ್," ಎಂದರು ಮೇಷ್ಟ್ರು. "ಹೆಸರು ಮುಗಿದುಹೋಯ್ತು. ಅಕ್ಕ ತಂಗೀರು, ಸೋದರತ್ತೆ, ಎಲ್ಲ ಖರ್ಚಾದ್ರು. ಒಬ್ಳು ಹುಡುಗಿ ಉಳ್ಕೊಂಡಿದಾಳೆ."

"ಯಜಮಾನ್ತಿ ಹೆಸರು ಇಡಿ."

ತಡ. "ಅದು ಬೇಡ. ಅದೊಂದು ನನ್ನ ಹತ್ರಾನೇ ಇರ್ಲಿ." ಮತ್ತೆ ತಡ. "ನಿಮ್ಮ ಹೆಸರೇನು?"

"ಇಷ್ಟು ವರ್ಷ ಅನ್ನ ಹಾಕಿದ್ ಮೇಲೆ ಈಗ ಕೇಳ್ತೀರಲ್ಲ ಮೇಷ್ಟ್ರೇ!"

"ಸಿಸ್ಟರ್ ಅಂದ್ರೆ ಬರ್ತಿದ್ರಲ್ಲ, ಬೇರೆ ಬೇಕಾಗಿರ್ಲಿಲ್ಲ."

ಹೇಳಿದೆ. ಅವರು ಆ ಕಡೆ ಒಮ್ಮೆ ಹೇಳಿ ನೋಡಿದರು. ಊರಲ್ಲಿ ಅವ್ವ ಹೋದ ಮೇಲೆ ನನ್ನನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ಅರ್ಧ ಮಾಡಿದ್ದರು, ಉಳಿದವರಿಗೆ ನಾನು ಆಂಟಿ. ಫೋನಿಟ್ಟು ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.

ಸೆಮಿಸ್ಟರ್ ಮುಗಿಸಿ ಚಳಿಗಾಲದಲ್ಲಿ ಬಂದರು. ತೆಳ್ಳಗಾಗಿದ್ದರು, ಮುಖಕ್ಕೆ ಬಣ್ಣ ಬಂದಿತ್ತು. ನನಗೆಂದು ಈ ಫ್ಲಾಸ್ಕು. ಊಟವಾದ ಮೇಲೆ ನನ್ನ ಸೋಫಾದಲ್ಲೇ ಒರಗಿ ಅಲ್ಲಿಯವರಂತೆ ನಿದ್ದೆ ತೆಗೆದರು. ಎದ್ದು ಕ್ಲಾಸಿನ ಫೋಟೋ ತೋರಿಸಿದರು. ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಹೇಳಿ, ಕೊನೆಯ ಸಾಲಿನ ಕನ್ನಡಕದ ಹುಡುಗಿಯ ಹತ್ತಿರ ಬಂದಾಗ, "ಇದು ನೀವು," ಎಂದರು. ನೆಟ್ಟಗೆ ನಿಂತಿದ್ದಳು. ಒಳ್ಳೆಯ ಹುಡುಗಿ ಅನ್ನಿಸಿತು.

ಆ ಹೊತ್ತಿಗೆ ಇಲ್ಲಿ ಜ್ವರ ಇಳಿದಿತ್ತು. ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ನಮ್ಮ ಕಾಂಪ್ಲೆಕ್ಸಿನಲ್ಲೇ ಮನೆಗಳು ಖಾಲಿಯಾಗಿ ಕಿಟಕಿಗಳಲ್ಲಿ ಪರದೆ ಇರಲಿಲ್ಲ. ಕೆಲಸ ಹೋದ ಹುಡುಗರು ಕಾಲೇಜಿಗೆ ಮರಳುತ್ತಿದ್ದರು. ಮೇಷ್ಟ್ರಿಗೆ ಗುಡ್ಡದ ಮೇಲಿಂದ ಮತ್ತೆ ಬನ್ನಿ ಎಂದು ಕರೆ ಬಂತು. ಚೀನಾದವರೂ ಇನ್ನೆರಡು ವರ್ಷಕ್ಕೆ ಬನ್ನಿ ಎಂದು ಕಾಯುತ್ತಿದ್ದರು. ಅವರು ಇಲ್ಲಿಯೇ ಉಳಿಯುತ್ತಾರೆ ಎಂದು ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ಬೇಡಿಕೊಂಡಿದ್ದೆ ಎಂದರೂ ತಪ್ಪಿಲ್ಲ.

ಒಂದು ಭಾನುವಾರ ಅವರು ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂತೇ ಇದ್ದರು.

"ಅಲ್ಲಿ ಕ್ಯಾಂಪಸ್ ಒಳಗೇ ಎರಡು ರೂಮಿನ ಮನೆ ಕೊಡ್ತಾರೆ ಸಿಸ್ಟರ್. ಬಿಸಿಲು ಚೆನ್ನಾಗಿ ಬೀಳುತ್ತೆ. ಪಕ್ಕದಲ್ಲೇ ಆಸ್ಪತ್ರೆ ಇದೆ."

"ಆಸ್ಪತ್ರೆ ಇದ್ರೆ ನಿಮಗೆ ಒಳ್ಳೇದೇ."

"ನನಗಲ್ಲ. ನೀವೂ ಬರಬಹುದು ಅಂತ."

"ನಾನ್ ಬಂದು ಅಲ್ಲಿ ಏನಂತ ಇರ್ಲಿ ಮೇಷ್ಟ್ರೇ?"

ಅವರು ಬಹಳ ಹೊತ್ತು ಯೋಚಿಸಿದರು. ಗಣಿತದವರು, ಗೊತ್ತಿಲ್ಲದ ಉತ್ತರವನ್ನು ಊಹಿಸಿ ಹೇಳುವವರಲ್ಲ. "ಅದಕ್ಕೆ ಶಬ್ದ ಗೊತ್ತಿಲ್ಲ," ಎಂದರು. "ಇಲ್ಲಿ ಹೇಗಿದೀರೋ ಹಾಗೇ."

ನಾನು ಎದ್ದು ಮಜ್ಜಿಗೆ ತಂದೆ. ಒಂದು ಜನ್ಮಕ್ಕೆ ಒಂದು ಪರದೇಶ ಸಾಕು ಎಂದೆ. ಅದು ನೆಪವಲ್ಲ. ಒಂದು ಸಲ ಎಲ್ಲ ಬಿಟ್ಟು ಬಂದು, ಗೊತ್ತಿಲ್ಲದ ಊರಿನಲ್ಲಿ ಅಂಗಡಿ ಯಾವುದು, ಬಸ್ಸು ಯಾವುದು ಎಂದು ಕಲಿತು ಬೇರು ಬಿಟ್ಟವಳಿಗೆ ಮತ್ತೆ ಕಿತ್ತುಕೊಳ್ಳುವ ಶಕ್ತಿ ಇರಲಿಲ್ಲ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ. ಅವರು ಒತ್ತಾಯ ಮಾಡಲಿಲ್ಲ. ಮಜ್ಜಿಗೆ ಕುಡಿದು, ಚೆನ್ನಾಗಿದೆ ಎಂದರು. ಮತ್ತೆ ಅವರ ಪೆಟ್ಟಿಗೆ ಜೋಡಿಸಿದೆ. ಮನೆ ಮಾತ್ರ ಬಿಡಲಿಲ್ಲ, ಬಾಡಿಗೆ ಕಟ್ಟುತ್ತ ಇಟ್ಟುಕೊಂಡರು. ವಾರಕ್ಕೊಮ್ಮೆ ಮೇಲೆ ಹೋಗಿ ಕಿಟಕಿ ತೆರೆದು, ಧೂಳು ಹೊಡೆದು, ಬಾಗಿಲು ಹಾಕಿಕೊಂಡು ಬರುತ್ತಿದ್ದೆ.

ಮುಂದಿನ ವರ್ಷದ ಬೇಸಿಗೆಗೆ ಮುಂಚೆ ಒಂದು ಬೆಳಿಗ್ಗೆ ಫೋನು ಬಂತು. ಭಾನುವಾರವಾಗಿರಲಿಲ್ಲ. ಎಳೆಯ ಹೆಣ್ಣುದನಿ, ಎಚ್ಚರಿಕೆಯ ಇಂಗ್ಲಿಷು. ತನ್ನ ಹೆಸರು ಹೇಳಿದಳು. ಅದು ನನ್ನ ಹೆಸರು. ಒಂದು ಕ್ಷಣ ನನ್ನನ್ನೇ ಯಾರೋ ಕರೆದರು ಎಂದುಕೊಂಡು, "ಹ್ಞಾಂ," ಎಂದುಬಿಟ್ಟೆ. ಮೇಷ್ಟ್ರು ಹಿಂದಿನ ದಿನ ಊಟವಾದ ಮೇಲೆ ಎಲ್ಲರ ಹಾಗೆ ಮಲಗಿದ್ದರು. ಪಾಠದ ಗಂಟೆ ಹೊಡೆದರೂ ಬರಲಿಲ್ಲವೆಂದು ಇವಳೇ ಹೋಗಿ ನೋಡಿದಳಂತೆ. ವೃತ್ತಿಯಲ್ಲಿ ನಾನು ಎಷ್ಟೋ ಮನೆಯವರಿಗೆ ಇಂಥ ಸುದ್ದಿ ಹೇಳಿದ್ದೇನೆ. ಹೇಳುವವರ ದನಿ ಹೇಗಿರಬೇಕೋ ಹಾಗೇ ಇತ್ತು ಅವಳದು. ಬೇಸಿಗೆ ರಜೆಗೆ ಊರಿಗೆ ಹೋಗಬೇಕು, ಟಿಕೆಟ್ ವಿಚಾರಿಸು ಎಂದು ಅವಳಿಗೆ ಹೇಳಿದ್ದರಂತೆ. ಯಾವ ಊರಿಗೆ ಎಂದು ಕೇಳಿದೆ. ಹೇವರ್ಡ್ ಎಂದಳು. ಹೋಗುವ ಟಿಕೆಟ್ ಮಾತ್ರ ಸಾಕು ಎಂದಿದ್ದರಂತೆ...

ಅಂತ್ಯಕ್ರಿಯೆ ಅಲ್ಲಿಯೇ ಆಯಿತು. ಕೆಲವು ವಾರ ಕಳೆದ ಮೇಲೆ, ಮಾರ್ಗನ್ ಹಿಲ್‌ನಲ್ಲಿದ್ದ ಅವರ ತಮ್ಮನ ಮಗ ಮನೆ ಖಾಲಿ ಮಾಡಿಸಲು ಬಂದ. ಮರ್ಯಾದಸ್ಥ. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದು ಕೂತ. ಮೇಲಿನ ಮನೆಯ ಕೀ ಕೇಳಿದ, ಕೊಟ್ಟೆ. ಎಷ್ಟು ಚೊಕ್ಕಟವಾಗಿ ಇಟ್ಟಿದೀರಿ ಎಂದು ಥ್ಯಾಂಕ್ಸ್ ಹೇಳಿದ. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದ.

"ಕೇಳೋದೇ ಮರೆತೆ. ದೊಡ್ಡಪ್ಪಂಗೆ ನೀವು ಏನಾಗ್ಬೇಕು ಆಂಟಿ?"

"ಕೆಳಗಿನ ಮನೆಯವಳಪ್ಪ," ಎಂದೆ.

ಅವನು ತಲೆಯಾಡಿಸಿ ಮೆಟ್ಟಿಲು ಹತ್ತಿದ. ಸಾಮಾನು ಇಳಿಸುವ ಸದ್ದು ಸಂಜೆಯವರೆಗೂ ಇತ್ತು. ಆಮೇಲೆ ನಿಂತಿತು.

ಈಗ ಈ ಕಾಂಪ್ಲೆಕ್ಸಿನಲ್ಲಿ ಕನ್ನಡದ ಮನೆಗಳು ನಾಲ್ಕಾರಿವೆ. ಹಾಸನದವರು, ಬೆಂಗಳೂರಿನವರು. ನಾನು ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ಒಳ್ಳೆಯ ಮಕ್ಕಳು. ಹಬ್ಬಕ್ಕೆ ಮನೆಯವರು ಕರೆಯುತ್ತಾರೆ, ಹೇಳಿದ ಹೊತ್ತಿಗೆ ಹೋಗಿ ಊಟ ಮಾಡಿ ಬರುತ್ತೇನೆ. ಹೊಸದಾಗಿ ಬಂದ ಹೆಂಗಸರು ಎಲೆ ಹಾಕುತ್ತ, "ನೀವು ಒಬ್ರೇನಾ ಆಂಟಿ?" ಎಂದು ಕೇಳುತ್ತಾರೆ. ಹಿಂದೆಲ್ಲ ಯಾರಾದರೂ ಹಾಗೆ ಕೇಳಿದರೆ, "ಹೌದು, ಮೊದಲಿಂದಲೂ," ಎನ್ನುತ್ತಿದ್ದೆ. ಈಗ "ಹೌದು" ಎಂದಷ್ಟೇ ಹೇಳುತ್ತೇನೆ. ಮೊದಲಿಂದಲೂ ಎನ್ನುವುದು ನಿಜವಲ್ಲ.