ಫೇರ್ ಎನಫ್ ಅಂದ ಮೇಲೆ

ಸುಲೇಪೇಟದ ಶಾಲೆಯೊಂದರ ವರಾಂಡಕ್ಕೆ ಫರಸಿ ಕಲ್ಲು ಹಾಸುವ ಕೆಲಸ ನಡೆದಿತ್ತು. ನಕ್ಷೆ ನನ್ನದು, ಕೈ ಗೌಂಡಿ ಮಲ್ಲಪ್ಪನದು.

"ಸಾಹೇಬ್ರ, ನೀವು ಹೇಳಿದಂಗ ಹಾಕಿದ್ರ ಮಳಿ ನೀರು ಖೋಲಿಯೊಳಗ ಹೋಗ್ತದ್ರಿ," ಅಂದ.

ನನಗೆ ಹೊತ್ತಾಗಿತ್ತು. "ಫೇರ್ ಎನಫ್" ಎಂದು ಜೀಪಿನತ್ತ ಹೊರಟೆ.

"ಹಂಗಂದ್ರ ಏನ್ರಿ?"

"ನೀ ಹೇಳೂದು ಖರೇ ಅದ ಅಂತ."

ಮಲ್ಲಪ್ಪ ಹಾರೆ ತಗೊಂಡು ಆಗಲೇ ಹಾಸಿದ್ದ ಒಂದು ಕಲ್ಲು ಎಬ್ಬಿಸಿಯೇಬಿಟ್ಟ.

"ಏ, ಯಾಕ ತಗೀಲಿಕತ್ತಿ?"

"ಖರೇ ಅದ ಅಂತ ನೀವೇ ಅಂದ್ರಿ ಅಲ್ರಿ?"

ಮೀಟಿಂಗುಗಳಲ್ಲಿ ನಾವು ಫೇರ್ ಎನಫ್ ಅನ್ನುವುದೇ ಎದುರಿನವರ ಬಾಯಿ ಮುಚ್ಚಿಸಲಿಕ್ಕೆ. ಆಮೇಲೆ ಮಾಡುವುದು ನಮಗೆ ಬೇಕಾದಂತೆಯೇ. ಜೀಪಿನಲ್ಲಿದ್ದ ನಕ್ಷೆ ತಂದು ಅಲ್ಲೇ ತಿದ್ದಿದೆ.

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಫೇರ್ ಎನಫ್‌ಗೆ ಒಂದು ಕಲ್ಲಾದರೂ ಅಲುಗಿದ್ದು ಅದೇ ಮೊದಲು.